ಡೈಲಾಗ್ ಹೊಡೆದು ಹೊರಡಬೇಡ, ತಂಗೀ!

(ತೆರೆಯ ಮೇಲೆ ಇವರ ಮುಖವನ್ನು ನೀವು ಕಂಡಿಲ್ಲ. ದನಿಯನ್ನು ಮಾತ್ರ ಎಷ್ಟೋ ಸಲ ಕೇಳಿದ್ದೀರಿ. ಇಪ್ಪತ್ತು ವರ್ಷಗಳಿಗೂ ಮೀರಿ ಪರಭಾಷೆಯ ನಾಯಕಿಯರಿಗೆ ಕನ್ನಡದ ಕಂಠ ಕೊಟ್ಟಿರುವ ಈ ಕಲಾವಿದೆ ತಮ್ಮ ಮನೆಯ ಕಥೆಯನ್ನು ಮೊದಲ ಬಾರಿಗೆ ಹೇಳಿಕೊಂಡಿದ್ದಾರೆ. ಮಗಳ ಸಲುವಾಗಿ ಹೆಸರು ಹಾಕಬೇಡಿ ಎಂದಿದ್ದಾರೆ. — ಸಂ.)

ಅಳೋದು ನನ್ನ ಕಸುಬು!

ನಗಬೇಡಿ, ನಿಜವನ್ನೇ ಹೇಳ್ತಿದ್ದೇನೆ. ಮುಂಬಯಿಯಿಂದಲೋ ಕೇರಳದಿಂದಲೋ ಬಂದ ನಾಯಕಿ ಕಣ್ಣಿಗೆ ಗ್ಲಿಸರಿನ್ ಹಾಕಿಕೊಂಡು ಕ್ಯಾಮೆರಾ ಮುಂದೆ ಕಣ್ಣೀರು ಸುರಿಸುತ್ತಾಳೆ. ಆ ಕಣ್ಣೀರಿಗೆ ತಕ್ಕ ಬಿಕ್ಕಳಿಕೆ ನನ್ನದು. ಕತ್ತಲ ಕೋಣೆ, ಎದುರಿಗೆ ಪರದೆ, ಕಿವಿಗೆ ಹೆಡ್‌ಫೋನು, ಮೂಗಿನ ಮುಂದೆ ಮೈಕು. ಅವಳ ತುಟಿ ಅಲುಗಿದಾಗ ನನ್ನ ಮಾತು, ಅವಳ ತುಟಿ ನಿಂತಾಗ ನನ್ನ ಮೌನ. ಗಾಜಿನ ಆಚೆ ಕೂತ ಸೌಂಡ್ ಇಂಜಿನಿಯರ್ ಹೆಬ್ಬೆರಳು ಎತ್ತಿದರೆ ಆ ದೃಶ್ಯ ಮುಗೀತು.

ಇಂಥ ಎಷ್ಟು ದೃಶ್ಯಗಳಿಗೆ ದನಿ ಕೊಟ್ಟಿದ್ದೇನೆ ಅಂತ ನನಗೇ ಲೆಕ್ಕ ಇಲ್ಲ. ಸೊಕ್ಕಿನ ಹುಡುಗಿ, ನಾಯಕ ಕೆನ್ನೆಗೆ ಒಂದು ಬಿಗಿಯುತ್ತಾನೆ, ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತೆ. ಮುಂದಿನ ದೃಶ್ಯದಲ್ಲಿ ಅವಳು ಸೀರೆ ಉಟ್ಟು, ತಲೆ ತಗ್ಗಿಸಿ, 'ನನ್ನ ತಪ್ಪು ಕ್ಷಮಿಸಿ' ಅನ್ನುತ್ತಾಳೆ. ಆ 'ಕ್ಷಮಿಸಿ' ಅನ್ನೋದು ನನ್ನ ಗಂಟಲು! ದುಡ್ಡು ತಗೊಂಡಿದ್ದೇನೆ, ಚೆನ್ನಾಗಿ ಹೇಳಿದ್ದೀರಿ ಅಂತ ಹೊಗಳಿಸಿಕೊಂಡೂ ಇದ್ದೇನೆ.

ಸ್ಟುಡಿಯೋದಲ್ಲಿ ಆ ಮಾತು ಹೇಳಿ ಸಂಜೆ ಮನೆಗೆ ಹೋಗಿ ಅದೇ ಮಾತನ್ನು ಮತ್ತೊಮ್ಮೆ ಹೇಳ್ತಿದ್ದೆ. ಅಲ್ಲಿ ಹೆಬ್ಬೆರಳು ಎತ್ತೋರು ಯಾರೂ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ವಿಲನ್ ಥರ ಇರಲಿಲ್ಲ

ನಮ್ಮ ಸಿನಿಮಾಗಳಲ್ಲಿ ಹೆಂಡತಿಗೆ ಹೊಡೆಯೋನು ಹೇಗಿರ್ತಾನೆ? ಕೆಂಪು ಕಣ್ಣು, ಕೆದರಿದ ಕೂದಲು, ಕೈಯಲ್ಲಿ ಬಾಟ್ಲಿ. ನನ್ನ ಯಜಮಾನರು ಹಾಗಿರಲಿಲ್ಲ. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಇಸ್ತ್ರಿ ಮಾಡಿದ ಶರ್ಟು, ಹಣೆಗೆ ವಿಭೂತಿ. ವಠಾರದವರಿಗೆಲ್ಲ 'ನಮಸ್ಕಾರ ಸಾರ್' ಅನ್ನೋ ಮನುಷ್ಯ.

ಮದುವೆಯಾದ ಹೊಸತರಲ್ಲಿ ನನ್ನ ಸಂಭಾವನೆಯ ಚೆಕ್ಕು ನೇರವಾಗಿ ಅವರ ಕೈಗೆ ಹೋಗ್ತಿತ್ತು. 'ನಿನಗೆ ಲೆಕ್ಕ ಬರಲ್ಲ' ಅಂದ್ರು. ಆಮೇಲೆ ತವರಿಗೆ ಫೋನ್ ಮಾಡಿದರೆ ಮುಖ ಗಂಟು. ಆಮೇಲೆ ರೆಕಾರ್ಡಿಂಗ್ ತಡವಾದರೆ 'ಯಾರ ಜೊತೆ ಇದ್ದೆ?' ಅನ್ನೋ ಪ್ರಶ್ನೆ. ಮೊದಲ ಏಟು ಬಿದ್ದದ್ದು ಮಗಳು ಹುಟ್ಟುವ ಮುಂಚೆ, ನಾನು ಐದು ತಿಂಗಳ ಬಸುರಿ. ಮಾರನೇ ದಿನ ಮಲ್ಲಿಗೆ ಹೂವು, ಒಂದು ಡಬ್ಬ ಮೈಸೂರು ಪಾಕು, ಕಾಲು ಹಿಡಿದು ಅಳು. ನಾನು ಕರಗಿಬಿಟ್ಟೆ. ಹೊಡೆತ, ಹೂವು, ಕೆಲವು ದಿನದ ನೆಮ್ಮದಿ, ಮತ್ತೆ ಹೊಡೆತ. ಹೀಗೆ ಏಳು ವರ್ಷ.

ಅಮ್ಮನಿಗೆ ಹೇಳಿದೆ. 'ಅಡ್ಜಸ್ಟ್ ಮಾಡ್ಕೋ ಮಗಳೇ, ಎಲ್ಲರ ಮನೆ ದೋಸೆನೂ ತೂತೇ' ಅಂದಳು. ಹತ್ತಿರದ ಠಾಣೆಗೆ ಒಂದು ಸಲ ಹೋದೆ. 'ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಅಂತಾರಲ್ಲಮ್ಮ' ಅಂತ ಬೆಂಚಿನ ಮೇಲೆ ಕೂರಿಸಿ, ಅವರನ್ನೇ ಕರೆಸಿ, ಅವರ ಜೊತೆಯಲ್ಲೇ ವಾಪಸ್ ಕಳಿಸಿದರು. ಆ ರಾತ್ರಿಯ ಕಥೆ ಬೇಡ ಬಿಡಿ.

ತುಟಿ ಮುಚ್ಚದ ದಿನ

ಡಬ್ಬಿಂಗ್‌ನಲ್ಲಿ ಒಂದು ಗುಟ್ಟಿದೆ. ಪ, ಬ, ಮ. ಈ ಅಕ್ಷರಗಳು ಬಂದಾಗ ಪರದೆಯ ಮೇಲೆ ನಾಯಕಿಯ ತುಟಿ ಮುಚ್ಚಿರಬೇಕು, ಅದೇ ಕ್ಷಣಕ್ಕೆ ನಮ್ಮ ತುಟಿಯೂ ಮುಚ್ಚಬೇಕು. ಇಲ್ಲದಿದ್ದರೆ ಮಾತು ಬೇರೆ, ಬಾಯಿ ಬೇರೆ ಅಂತ ಪ್ರೇಕ್ಷಕನಿಗೆ ತಕ್ಷಣ ಗೊತ್ತಾಗುತ್ತೆ.

2010ರ ಒಂದು ಬೆಳಿಗ್ಗೆ ನನ್ನ ಕೆಳದುಟಿ ಊದಿಕೊಂಡು ಸೀಳಿತ್ತು. ದೃಶ್ಯದಲ್ಲಿ ನಾಯಕಿ 'ಅಪ್ಪಾ... ಅಮ್ಮಾ...' ಅನ್ನಬೇಕು. ಎರಡೂ ನನಗೆ ಬರಲಿಲ್ಲ. ಆರು ಟೇಕ್ ಆಯ್ತು. ಇಂಜಿನಿಯರ್ ಹುಡುಗ ಪಾಪ, ಏನೂ ಅರಿಯದೆ 'ಮೇಡಂ, ಮ ಕೂರ್ತಿಲ್ಲ' ಅಂತಿದ್ದ.

ಆ ಚಿತ್ರದಲ್ಲಿ ಅತ್ತೆಯ ಪಾತ್ರಕ್ಕೆ ದನಿ ಕೊಡಲು ಬಂದಿದ್ದ ಹಿರಿಯಕ್ಕ ಒಬ್ಬರು ಹಿಂದೆ ಕುರ್ಚಿಯಲ್ಲಿ ಕೂತಿದ್ದರು. ಬಾಯಿ ತೆರೆದರೆ ಸೊಸೆಯಂದಿರು ನಡುಗಬೇಕು, ಅಂಥ ಕಂಠ. ಟೀ ಬಿಡುವಿನಲ್ಲಿ ಪಕ್ಕಕ್ಕೆ ಕರೆದರು. 'ಏನಾಯ್ತು?' ಅಂತ ಕೇಳಲಿಲ್ಲ.

'ಯಾರು ಹೊಡೆದಿದ್ದು?' ಅಂದರು.

'ಬಚ್ಚಲಲ್ಲಿ ಜಾರಿದೆ ಅಕ್ಕಾ' ಅಂದೆ.

'ಆಯ್ತಮ್ಮ. ಜಾರಿದ್ದು ಯಾವಾಗ ಹೇಳಬೇಕು ಅನ್ನಿಸುತ್ತೋ ಆವಾಗ ಹೇಳು. ನಾನಿದ್ದೀನಿ' ಅಂದು ಟೀ ಲೋಟ ನನ್ನ ಕೈಗಿಟ್ಟರು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ಒತ್ತಾಯ ಮಾಡಲಿಲ್ಲ. ಬಾಗಿಲು ಒಂದಿಷ್ಟು ತೆರೆದಿಟ್ಟು ಸುಮ್ಮನಾದರು.

ಗಂಟಲಿಗೆ ಬಿದ್ದ ಕೈ

ಎರಡು ತಿಂಗಳ ನಂತರ ಒಂದು ರಾತ್ರಿ ಅವರ ಕೈ ನನ್ನ ಗಂಟಲಿಗೆ ಬಿತ್ತು. ಎಷ್ಟು ಹೊತ್ತು ಒತ್ತಿದರೋ ಗೊತ್ತಿಲ್ಲ. ಕಣ್ಣು ಕತ್ತಲೆ ಬಂತು. ಮಗಳು ಕಿರುಚಿದ್ದಕ್ಕೆ ಬಿಟ್ಟರು. ಬೆಳಿಗ್ಗೆ ಎದ್ದರೆ ನನಗೆ ದನಿಯೇ ಇಲ್ಲ! ನಾಲ್ಕು ದಿನ ಬರೀ ಗಾಳಿ.

ನನ್ನ ಅನ್ನವೇ ಗಂಟಲು, ಓದುಗರೇ. ಅದಕ್ಕಿಂತ ಹೆಚ್ಚಿನ ವಿಷಯ ಒಂದಿದೆ, ಅದನ್ನು ಆಮೇಲೆ ತಿಳಿದುಕೊಂಡೆ. ಕೆನ್ನೆಗೆ ಹೊಡೆಯೋ ಕೈ ಗಂಟಲಿಗೆ ಬಂತು ಅಂದರೆ ಕಥೆ ಬೇರೆ ದಾರಿ ಹಿಡೀತು ಅಂತಲೇ ಅರ್ಥ. ಗಂಟಲು ಹಿಸುಕೋದು, 'ಕೊಂದುಬಿಡ್ತೀನಿ' ಅನ್ನೋದು, ಕತ್ತಿ ಸೀಮೆಎಣ್ಣೆ ತೋರಿಸೋದು, ಬಸುರಿ ಅಂತಲೂ ನೋಡದೆ ಹೊಡೆಯೋದು, ಇವು ಜೀವಕ್ಕೇ ಅಪಾಯ ಅನ್ನೋದರ ಗುರುತು. ಹೊರಗೆ ಗಾಯ ಕಾಣದಿದ್ದರೂ ಗಂಟಲು ಹಿಸುಕಿಸಿಕೊಂಡವಳನ್ನು ಅವತ್ತೇ ಡಾಕ್ಟರಿಗೆ ತೋರಿಸಬೇಕು. ಒಳಗಿನ ಊತ ತಡವಾಗಿ ಉಸಿರು ಕಟ್ಟಿಸಬಹುದು.

ಐದನೇ ದಿನ ಹಿರಿಯಕ್ಕನ ಮುಂದೆ ಕೂತೆ. 'ಅಕ್ಕಾ, ನಾನು ಜಾರಿರಲಿಲ್ಲ' ಅಂದೆ. ಆ ಮಾತು ಹೊರಬಂದ ಮೇಲೆ ನನಗೆ ಗ್ಲಿಸರಿನ್ ಬೇಕಾಗಲಿಲ್ಲ.

ರೀಟೇಕ್ ಇದೆಯಾ ಅಕ್ಕಾ?

ನನಗೆ ಸಿನಿಮಾ ಹುಚ್ಚು ನೋಡಿ. ಅವತ್ತೇ ಮನೆಗೆ ಹೋಗಿ, ಬಾಗಿಲ ಹತ್ತಿರ ನಿಂತು, ತಾಳಿ ಹಿಡಿದು, ಎರಡು ಪುಟದ ಡೈಲಾಗ್ ಹೊಡೆದು, ಮಗಳ ಕೈ ಹಿಡಿದು ಹೊರಟುಬಿಡ್ತೀನಿ ಅಂದೆ. ಅಕ್ಕ ಗದರಿದರು. ಥೇಟ್ ಅತ್ತೆಯ ದನಿ!

'ಹುಚ್ಚಿ! ಹೊರಡ್ತೀನಿ ಅಂತ ಅವನಿಗೆ ಹೇಳಿ ಹೊರಡಬೇಡ. ಅವನ ಹಿಡಿತ ತಪ್ಪುತ್ತೆ ಅಂತ ಗೊತ್ತಾದ ಗಳಿಗೆಯೇ ಎಲ್ಲಕ್ಕಿಂತ ಅಪಾಯದ ಗಳಿಗೆ.'

ಈ ಲೇಖನ ಬರೀತಿರೋದೇ ಈ ಒಂದು ಮಾತಿಗೋಸ್ಕರ. ನಮ್ಮ ಚಿತ್ರಗಳಲ್ಲಿ ಮನೆ ಬಿಡೋದು ಒಂದು ದೃಶ್ಯ: ಗುಡುಗು, ಮಳೆ, ಹಿನ್ನೆಲೆ ಸಂಗೀತ. ನಿಜದಲ್ಲಿ ಅದು ಸದ್ದಿಲ್ಲದೆ ನಡೆಯೋ ತಯಾರಿ. ಹಿಂಸೆ ಕೊಡೋ ಗಂಡಸರ ಮನೆಗಳನ್ನು ಕಂಡು ಈ ಕೆಲಸದಲ್ಲಿ ಪಳಗಿದವರೆಲ್ಲ ಹೇಳೋದು ಇದನ್ನೇ. ಹೆಣ್ಣು ಬಿಟ್ಟು ಹೊರಡುವಾಗ, ಬಿಟ್ಟ ಮೇಲಿನ ಮೊದಲ ಕೆಲವು ವಾರಗಳಲ್ಲಿ ಅಪಾಯ ಏರುತ್ತೆ.

ಮೂರು ವಾರ ತಯಾರಿ ಮಾಡಿದೆವು. ಸ್ಕ್ರಿಪ್ಟ್ ಫೈಲಿನೊಳಗೆ ದಿನಕ್ಕೊಂದು ಕಾಗದ ಸಾಗಿಸಿದೆ. ಮಗಳ ಜನನ ಪ್ರಮಾಣಪತ್ರ, ಮದುವೆಯ ಫೋಟೋ ಮತ್ತು ಲಗ್ನಪತ್ರಿಕೆ, ರೇಷನ್ ಕಾರ್ಡಿನ ಜೆರಾಕ್ಸು, ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಊಟದ ಬುತ್ತಿಯ ಚೀಲದಲ್ಲಿ ಮಗಳ ಎರಡು ಜೊತೆ ಬಟ್ಟೆ. ಎಲ್ಲ ಅಕ್ಕನ ಮನೆಯ ಬೀರುವಿನಲ್ಲಿ ಸೇರಿತು. ನನ್ನ ಹೆಸರಿಗೆ ಒಂದು ಉಳಿತಾಯ ಖಾತೆ ತೆರೆದೆವು, ಪಾಸ್‌ಬುಕ್ಕು ಅಕ್ಕನ ಹತ್ತಿರವೇ ಇತ್ತು.

ಸರ್ಕಾರಿ ಆಸ್ಪತ್ರೆಗೆ ಹೋಗಿ ಈ ಸಲ ಬಚ್ಚಲು ಅನ್ನಲಿಲ್ಲ. 'ಗಂಡ ಗಂಟಲು ಹಿಸುಕಿದರು' ಅಂತ ಡಾಕ್ಟರಿಗೆ ಹೇಳಿದೆ. ಅವರು ಅದನ್ನೇ ಬರೆದುಕೊಂಡರು. ಆ ಗಾಯದ ಸರ್ಟಿಫಿಕೇಟು ಮುಂದೆ ಕೋರ್ಟಿನಲ್ಲಿ ನನ್ನ ಪರವಾಗಿ ಮಾತಾಡಿತು.

ಕೊನೆಗೆ ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಂಡೆವು. ಯಾವ ಹೊತ್ತಿನಲ್ಲಾದರೂ ನಾನು ಫೋನ್ ಮಾಡಿ 'ರೀಟೇಕ್ ಇದೆಯಾ ಅಕ್ಕಾ?' ಅಂದರೆ ಅವರು ಏನೂ ಕೇಳದೆ ಪೊಲೀಸರಿಗೆ ಫೋನ್ ಮಾಡಬೇಕು. ಅವರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರೂ ಅನುಮಾನ ಬರೋ ಮಾತಲ್ಲ. ಒಂದು ಸಲ ಆ ಮಾತು ಬಳಸಬೇಕಾಗಿಯೂ ಬಂತು. ಬಾಗಿಲಿಗೆ ಪೊಲೀಸರು ಬಂದು ನಿಂತಿದ್ದರಿಂದ ಆ ರಾತ್ರಿ ಉಳಿದೆ.

ಹೊರಟ ದಿನ ಮಳೆ ಬರಲಿಲ್ಲ

ಮಂಗಳವಾರ. ಅವರು ಆಫೀಸಿಗೆ ಹೋದರು. ಮಗಳಿಗೆ ಎಂದಿನಂತೆ ಯೂನಿಫಾರಂ ಹಾಕಿದೆ. ಒಲೆಯ ಮೇಲಿನ ಸಾರು ಹಾಗೇ ಬಿಟ್ಟೆ. ಕೈಯಲ್ಲಿ ಮಾಮೂಲಿ ವ್ಯಾನಿಟಿ ಬ್ಯಾಗು. ಎದುರು ಮನೆಯಾಕೆ 'ರೆಕಾರ್ಡಿಂಗಾ?' ಅಂದರು. 'ಹೂಂ' ಅಂದೆ. ನನ್ನ ಜೀವನದ ಅತಿ ದೊಡ್ಡ ದೃಶ್ಯದಲ್ಲಿ ನನಗಿದ್ದ ಡೈಲಾಗ್ ಅದೊಂದೇ.

ಆಮೇಲಿನದು ಸುಲಭ ಅಂತ ಸುಳ್ಳು ಹೇಳಲಾರೆ. ಅವರು ಸ್ಟುಡಿಯೋ ಗೇಟಿಗೆ ಬಂದು ಅತ್ತರು, ಅದೇ ಮಲ್ಲಿಗೆ ಹೂವು. ಮೂರನೇ ಸಲ ಬಂದಾಗ ಹೂವಿರಲಿಲ್ಲ, ಬೈಗುಳ ಇತ್ತು. ಅಷ್ಟರಲ್ಲಿ ಅಕ್ಕ ನನ್ನನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಕರೆದುಕೊಂಡು ಹೋಗಿದ್ದರು. ಅಂಗನವಾಡಿ ಆಫೀಸು ಅಂತೀವಲ್ಲ, ಅದೇ. ನಮ್ಮ ರಾಜ್ಯದಲ್ಲಿ ಕೌಟುಂಬಿಕ ದೌರ್ಜನ್ಯಕ್ಕೆ ಸಂರಕ್ಷಣಾಧಿಕಾರಿಗಳು ಅವರೇ ಅಂತ ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ! ನನ್ನ ಕಥೆ ಕೇಳಿ ಒಂದು ವರದಿ ತಯಾರಿಸಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸಿದರು. ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಸಿಕ್ಕರು, ಒಂದು ಪೈಸೆ ಫೀಸಿಲ್ಲದೆ.

ಅರವತ್ತು ದಿನದಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆ ಹೇಳುತ್ತೆ. ನನ್ನದು ಎಂಟು ತಿಂಗಳು ಎಳೆಯಿತು. ಆದರೆ ನಡುವೆಯೇ ಮಧ್ಯಂತರ ಆದೇಶ ಸಿಕ್ಕಿತು: ಸ್ಟುಡಿಯೋ ಹತ್ತಿರ, ಮಗಳ ಶಾಲೆಯ ಹತ್ತಿರ ಸುಳಿಯಬಾರದು, ಮಗಳ ಖರ್ಚಿಗೆ ತಿಂಗಳು ತಿಂಗಳು ಹಣ ಕೊಡಬೇಕು. ಆ ಆದೇಶದ ಪ್ರತಿ ಸದಾ ನನ್ನ ಬ್ಯಾಗಿನಲ್ಲಿತ್ತು. ಒಂದು ಸಲ ಮೀರಿ ಗೇಟಿಗೆ ಬಂದರು. ಪ್ರತಿ ತೋರಿಸಿ ಪೊಲೀಸರನ್ನು ಕರೆಸಿದೆ. ಮತ್ತೆ ಬರಲಿಲ್ಲ.

ಕಾಯ್ದೆ ಏನು ಹೇಳುತ್ತೆ?

2005ರಲ್ಲಿ ಆದ ಕಾಯ್ದೆ ಇದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ ಒಂದೇ ದೌರ್ಜನ್ಯ ಅಲ್ಲ ಅಂತ ಅದು ಸ್ಪಷ್ಟವಾಗಿ ಹೇಳುತ್ತೆ. ಹೀಯಾಳಿಕೆ, ಬೆದರಿಕೆ, ಬಲವಂತದ ಸಂಬಂಧ, ಸಂಬಳ ಕಿತ್ತುಕೊಳ್ಳೋದು, ಮನೆಖರ್ಚಿಗೆ ಕೊಡದಿರೋದು, ಎಲ್ಲವೂ ದೌರ್ಜನ್ಯವೇ. ನನ್ನ ಚೆಕ್ಕು ಕಿತ್ತುಕೊಂಡದ್ದಕ್ಕೂ ಕಾನೂನಿನಲ್ಲಿ ಹೆಸರಿತ್ತು ನೋಡಿ!

ಮನೆ ಬಿಟ್ಟೇ ಹೋಗಬೇಕು ಅಂತಿಲ್ಲ. ಅದೇ ಮನೆಯಲ್ಲಿರುವ ಹಕ್ಕು ಹೆಂಡತಿಗಿದೆ, ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಸರಿ. ಬೇಕಾದರೆ ಗಂಡನನ್ನೇ ಹೊರಗಿರು ಅಂತ ಕೋರ್ಟು ಹೇಳಬಹುದು. 'ಮನೆ ನನ್ನ ಹೆಸರಲ್ಲಿದೆ, ನಡಿ ಹೊರಗೆ' ಅನ್ನೋ ಅತ್ತೆ ಮಾವಂದಿರ ಮಾತೂ ಸುಲಭಕ್ಕೆ ನಡೆಯಲ್ಲ. ಗಂಡನ ಪಾಲಿಲ್ಲದ ಅತ್ತೆ ಮಾವಂದಿರ ಮನೆಯೂ ಸೊಸೆ ಬಾಳಿದ ಮನೆ ಆಗಬಹುದು ಅಂತ ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿದೆ. ಬಿಟ್ಟು ಬಂದಿದ್ದರೆ, ಈಗ ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. ರಕ್ಷಣೆಯ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಗಂಡನ ಅಥವಾ ಅವನ ಮನೆಯವರ ಕ್ರೌರ್ಯದ ಮೇಲೆ ಪೊಲೀಸ್ ಕೇಸು ಹಾಕೋ ದಾರಿ ಬೇರೆ ಇದೆ. ಹಿಂದೆ 498ಎ ಅಂತಿದ್ದರಲ್ಲ, ಅದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮುಗಳಾಗಿದೆ. ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ.

ಈಗ ಹೊರಡುವವಳಿಗೆ

ನನ್ನ ಕಾಲಕ್ಕಿಂತ ಈಗ ದಾರಿಗಳು ಹೆಚ್ಚಿವೆ ತಂಗೀ. ಜೀವಕ್ಕೆ ಅಪಾಯ ಅನ್ನಿಸಿದ ತಕ್ಷಣ 112. ಮಾತಾಡಬೇಕು, ದಾರಿ ಕೇಳಬೇಕು ಅಂದರೆ ಮಹಿಳಾ ಸಹಾಯವಾಣಿ 181. ಉಚಿತ ವಕೀಲರಿಗೆ 15100. ಹೆಣ್ಣು ಅನ್ನೋದೇ ಸಾಕು, ಆದಾಯದ ಸರ್ಟಿಫಿಕೇಟು ಬೇಡ. ಮಗುವಿಗೆ ತೊಂದರೆ ಇದ್ದರೆ 1098.

ಜಿಲ್ಲೆಗಳಲ್ಲಿ 'ಸಖಿ' ಅನ್ನೋ ಕೇಂದ್ರಗಳಿವೆ, ಅನೇಕ ಕಡೆ ಜಿಲ್ಲಾಸ್ಪತ್ರೆಯ ಆವರಣದಲ್ಲೇ. ಡಾಕ್ಟರು, ಪೊಲೀಸು, ವಕೀಲರು, ಆಪ್ತ ಸಲಹೆ, ಕೆಲವು ದಿನ ತಂಗಲು ಜಾಗ, ಒಂದೇ ಕಡೆ ಏರ್ಪಾಡು. ಹೆಚ್ಚು ದಿನ ಬೇಕಾದರೆ 'ಶಕ್ತಿ ಸದನ'ಗಳಿಗೆ ಅವರೇ ದಾರಿ ತೋರಿಸುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿಗೆ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ಬೇಡ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಸಾಕು. ಆದ್ದರಿಂದ ಆಧಾರ್ ಕಾರ್ಡು ಕೈಗೆ ಸಿಗುವಲ್ಲಿರಲಿ, ಒಂದು ಜೆರಾಕ್ಸು ಬೇರೆಯವರ ಮನೆಯಲ್ಲಿರಲಿ.

ನನಗಿಲ್ಲದ ಒಂದು ಕಷ್ಟ ನಿನಗಿದೆ: ಕೈಯಲ್ಲಿರೋ ಫೋನು. ನೀನು ಎಲ್ಲಿದ್ದೀಯ ಅಂತ ಅದೇ ಅವನಿಗೆ ಹೇಳಿಬಿಡಬಹುದು. ಸಹಾಯ ಕೇಳೋದಕ್ಕೆ ಗೆಳತಿಯದೋ ಅಂಗಡಿಯದೋ ಫೋನು ಬಳಸು. ನಂಬಿಕಸ್ಥರ ಒಂದು ನಂಬರು ಬಾಯಿಪಾಠ ಇರಲಿ. ಜಗಳ ಏರಿದಾಗ ಅಡುಗೆಮನೆ, ಬಚ್ಚಲು ಬೇಡ, ಹೊರಬಾಗಿಲ ಕಡೆ ಇರು. ಮಕ್ಕಳಿಗೆ ನಡುವೆ ಬರಬೇಡಿ, ಪಕ್ಕದ ಮನೆಗೆ ಓಡಿ ಅಂತ ಹೇಳಿಕೊಟ್ಟಿರು.

ಗೋಡೆಯ ಆಚೆ ಇರುವವರಿಗೆ

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದದ್ದು ಎಲ್ಲಿ ಗೊತ್ತೇ? ನಮ್ಮ ಕರ್ನಾಟಕದಲ್ಲಿ! ಇಡೀ ದೇಶದ ಲೆಕ್ಕ ತೆಗೆದರೆ ಹಿಂಸೆ ಉಂಡವರಲ್ಲಿ ಸಹಾಯ ಕೇಳಿದವರು ನೂರಕ್ಕೆ 14 ಮಂದಿ ಮಾತ್ರ. ಉಳಿದವರೆಲ್ಲ ಬಚ್ಚಲಲ್ಲಿ ಜಾರಿದವರು.

ಪಕ್ಕದ ಮನೆಯ ಸದ್ದು ನಿಮಗೆ ಕೇಳಿಸುತ್ತೆ. ಬೆಲ್ ಒತ್ತಿ ಒಂದು ಲೋಟ ಸಕ್ಕರೆ ಕೇಳಿ. ಅಷ್ಟಕ್ಕೇ ಒಂದು ಏಟು ತಪ್ಪಬಹುದು. ಒಳ್ಳೆಯ ಮನಸ್ಸಿನಿಂದ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಿದವರ ಮೇಲೆ ಯಾವ ಕೇಸೂ ಬರದಂತೆ ಕಾಯ್ದೆಯೇ ಕಾಪಾಡುತ್ತೆ. ಅವಳು ಎರಡು ಸಲ ಬಿಟ್ಟು ಬಂದು ಮತ್ತೆ ವಾಪಸ್ ಹೋದಳು ಅಂತ ಬೇಸರಿಸಬೇಡಿ. ನಮ್ಮಕ್ಕನ ಹಾಗೆ ಬಾಗಿಲು ತೆರೆದಿಡಿ.

ಸಿನಿಮಾ ಎಲ್ಲ ಕೆಟ್ಟದ್ದನ್ನೇ ಕಲಿಸಿತು ಅಂತ ನಾನು ಹೇಳಲ್ಲ. 2004ರಲ್ಲಿ ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಬಂತು, ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಿಂದ. ಗಂಡ ಕೈಬಿಟ್ಟ ಬಡ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯಕ್ಕಾಗಿ ಕೂತುಬಿಡ್ತಾಳೆ. ತಾರಾ ಅವರಿಗೆ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2020ರ ಹಿಂದಿ 'ಥಪ್ಪಡ್' ಪೂರ್ತಿ ಒಂದೇ ಒಂದು ಏಟಿನ ಸುತ್ತ ನಡೆಯುತ್ತೆ. ಅದನ್ನು ನೋಡುವಾಗ ಥಿಯೇಟರಿನಲ್ಲಿ ಯಾರೂ ಶಿಳ್ಳೆ ಹೊಡೆಯಲಿಲ್ಲ.

ಮಗಳು ಈಗ ಡಿಗ್ರಿ ಓದ್ತಿದ್ದಾಳೆ. ನಾನು ಈಗಲೂ ದನಿ ಕೊಡ್ತೀನಿ. ಹಿರಿಯಕ್ಕ ಈಗಿಲ್ಲ. ಹಳೇ ಚಿತ್ರಗಳು ಟಿವಿಯಲ್ಲಿ ಬಂದಾಗ ಆ ಗಡುಸು ದನಿ ಸೊಸೆಯನ್ನು ಗದರೋದು ಕೇಳಿಸುತ್ತೆ. ಎಲ್ಲರಿಗೂ ಸಿಟ್ಟು ಬರುತ್ತೆ, ನನಗೆ ಕಣ್ಣು ತುಂಬುತ್ತೆ.

ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡ ತಂಗೀ, ನಡುಪುಟದ ಬಣ್ಣದ ಚಿತ್ರ ಕತ್ತರಿಸಿ ಗೋಡೆಗೆ ಬೇಕಾದರೆ ಅಂಟಿಸಿಕೋ. ಈ ಪುಟ ಮಾತ್ರ ಕತ್ತರಿಸಿ ಇಟ್ಟುಕೊಳ್ಳಬೇಡ, ಅವನ ಕಣ್ಣಿಗೆ ಬಿದ್ದೀತು. ಓದಿ ಬಸ್ಸಿನ ಸೀಟಿನ ಮೇಲೇ ಬಿಟ್ಟು ಇಳಿ, ಇನ್ನೊಬ್ಬಳು ಓದಲಿ. ಮೂರೇ ಮೂರು ಅಂಕಿ ಬಾಯಿಪಾಠ ಮಾಡಿಕೋ. ಒಂದು, ಎಂಟು, ಒಂದು.